ಮುಂಗಾರಿನಲ್ಲಿ ಕಡಲ ಮೀನುಗಾರಿಕೆಯ ನಿಷೇಧ

ಬಿತ್ತನೆಗೆಂದು ತೆಗೆದಿರಿಸಿದ ಬೀಜವನ್ನು ಕುಟ್ಟಿ ಉಣ್ಣುವ ರೈತನು ಮರುವರ್ಷ ಬೆಳೆಯನ್ನು ಕಾಣಲಾರನು. ಕಡಲಿನ ಬೆಳೆಗೂ ಇದೇ ನ್ಯಾಯವು ಸಲ್ಲುವುದು. ಬೂತಾಯಿ ಮೀನು ಮುಖ್ಯವಾಗಿ ಮಳೆಗಾಲದಲ್ಲಿಯೇ ಮೊಟ್ಟೆಯಿಡುವುದು. ಆಗ ತಾಯಿಮೀನನ್ನು ಹಿಡಿದರೆ ಮುಂದಿನ ಸಂತತಿಯೇ ನಷ್ಟವಾಗುವುದು.

ಆದುದರಿಂದ ಸರ್ಕಾರದವರು 1986ನೆಯ ಇಸವಿಯ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆಯ ಮೇರೆಗೆ, ಜೂನ್ 1 ರಿಂದ ಜುಲೈ 31 ರ ವರೆಗೆ 61 ದಿನಗಳು ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂದು ವಿಧಿಸಿರುವರು. ಸಾಂಪ್ರದಾಯಿಕ ನಾಡದೋಣಿಗಳಿಗೂ, ಅವುಗಳಲ್ಲಿ 10 ಅಶ್ವಶಕ್ತಿಗೆ ಮೀರದ ಯಂತ್ರವುಳ್ಳವುಗಳಿಗೂ ಈ ನಿಷೇಧವಿರುವುದಿಲ್ಲ.

ದೋಣಿಯ ಯಜಮಾನನು ಈ ಅವಧಿಯಲ್ಲಿ ಯಂತ್ರವನ್ನೂ ಬಲೆಯನ್ನೂ ದುರಸ್ತು ಮಾಡಿಸಿಕೊಳ್ಳುವನು. ಆದರೆ ಹಿಡಿದ ಮೀನಿನಲ್ಲಿ ಪಾಲು ಪಡೆದು ಜೀವಿಸುವ ಕಲಾಸಿಗೂ, ಮಲ್ಪೆ ಮಂಗಳೂರು ಬಂದರುಗಳಲ್ಲಿ ಬುಟ್ಟಿ ಹೊರುವ ಹೆಂಗಸಿಗೂ ಎರಡು ತಿಂಗಳು ಸಂಪಾದನೆಯಿಲ್ಲ. ಸಾಲವೇ ಗತಿಯಾಗುವುದು. ನಿಯಮದ ಫಲವು ಎಲ್ಲರಿಗೆ, ಭಾರವು ಬಡವನಿಗೆ ಎಂಬಂತಾಗಬಾರದು.

ಇದಕ್ಕಾಗಿಯೇ ಉಳಿತಾಯ ಮತ್ತು ಪರಿಹಾರ ಯೋಜನೆಯು ಏರ್ಪಟ್ಟಿರುವುದು. ಮೀನುಗಾರನು 1,500 ರೂಪಾಯಿ ಕಟ್ಟಿದಲ್ಲಿ ಸರ್ಕಾರಗಳು 3,000 ರೂಪಾಯಿ ಸೇರಿಸಿ, ಒಟ್ಟು 4,500 ರೂಪಾಯಿಗಳನ್ನು ಬಿಡುವಿನ ತಿಂಗಳುಗಳಲ್ಲಿ ಕೊಡುವರು. ಎರಡು ತಿಂಗಳ ಸಂಸಾರಕ್ಕೆ ಇದು ಸಾಲದಾದರೂ ಬಡ್ಡಿಯ ಹೊರೆಯನ್ನು ಕಡಿಮೆ ಮಾಡುವುದು.

ಕರಾವಳಿಯ ಗ್ರಾಮಮುಖಂಡರು ಅರ್ಹರೆಲ್ಲರೂ ವೇಳೆಗೆ ಸರಿಯಾಗಿ ಹೆಸರು ಬರೆಯಿಸುವಂತೆ ನೋಡಿಕೊಳ್ಳಬೇಕು. ನಿಷೇಧದ ತಿಂಗಳುಗಳೇ ನೇಜಿ ನೆಡುವ ತಿಂಗಳುಗಳೂ ಆಗಿರುವುದರಿಂದ, ಜಮೀನುದಾರರು ಈ ಕುಟುಂಬಗಳನ್ನು ಗದ್ದೆಯ ಕೆಲಸಕ್ಕೆ ಕರೆದು ತಕ್ಕ ಕೂಲಿ ಕೊಟ್ಟಲ್ಲಿ ಉಭಯರಿಗೂ ಅನುಕೂಲವಾಗುವುದು. ಮನೆಯಲ್ಲಿ ಅಕ್ಕಿಯಿದ್ದರೆ ಮಾತ್ರ ಮೀನುಗಾರನು ಕಾಯಿದೆಯನ್ನು ಮನಃಪೂರ್ವಕವಾಗಿ ಪಾಲಿಸಿಯಾನು.