ಮೃಗಶಿರ ಕಾಯ್ದು ಕೆಟ್ಟೆ!

"ಮೃಗಶಿರ ಹಿಡಿಯೋದಕ್ಕೆ ಮುಂಚೆ ಮೊದಲ ಔಷಧಿ ಮುಗಿಸು, ಕೊಳೆಗೆ ಹೆದರಬೇಡ." ಅಪ್ಪಯ್ಯ ಕಲಿಸಿದ ಲೆಕ್ಕ. ಮೃಗಶಿರ ಹಿಡಿಯೋದು ಜೂನ್ 7–8ಕ್ಕೆ. ಎಷ್ಟೋ ವರ್ಷ ಈ ಲೆಕ್ಕ ನಮ್ಮ ತೋಟ ಕಾಯ್ದಿದೆ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ವಾಡಿಕೆ ಜೂನ್ 1. ಇಲ್ಲಿ ಮಳೆ ಹಿಡಿದಾಗ ನಾನು, "ಅಕಾಲದ ಮಳೆ, ಬಿಡ್ತದೆ" ಅಂತ ಸುಮ್ಮನಿದ್ದೆ. ಪಕ್ಕದ ತೋಟದವರು ಕೃಷಿಗೆ ಹೊಸಬರು, ನಕ್ಷತ್ರದ ಲೆಕ್ಕ ಗೊತ್ತಿಲ್ಲ. ಒಂದು ಹೊಳವು ಸಿಕ್ಕಿದ್ದೇ ಬೋರ್ಡೋ ಹೊಡೆಸಿಬಿಟ್ಟರು. ನನಗೆ ಕೊನೆಗೌಡ ಸಿಗುವಷ್ಟರಲ್ಲಿ ತಡವಾಗಿತ್ತು. ಹಳ್ಳದ ಬದಿಯ ಸಾಲುಗಳಲ್ಲಿ ಎಳೆಕಾಯಿ ಉದುರಿತು.

2023ರಲ್ಲಿ ತಿರುಗಾಮುರುಗಾ. ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ದೇಶದ ಮಟ್ಟಿಗೆ ಆ ಆಗಸ್ಟ್ 1901ರಿಂದೀಚೆಗೆ ಅತಿ ಒಣ ಆಗಸ್ಟ್.

ಅನುಭವ ಸುಳ್ಳೇ?

ಅಲ್ಲ. ನಾನು ಕಲಿತದ್ದು ಗುರುತನ್ನು, ಕಾರಣವನ್ನಲ್ಲ. ಕೊಳೆ ತರುವ ಫೈಟೋಫ್ತೊರಾ ಪಂಚಾಂಗ ನೋಡುವುದಿಲ್ಲ. ಅದಕ್ಕೆ ಬೇಕಾದ್ದು ಒದ್ದೆ ಗೊನೆ, ತಂಪು ಹವೆ. ನಕ್ಷತ್ರ, ಮಳೆ ಜೊತೆಯಾಗಿ ಬರುವಾಗ ನಕ್ಷತ್ರ ನೋಡಿದರೆ ಸಾಕಿತ್ತು. ಈಗ ಜೊತೆ ತಪ್ಪಿದೆ. ಹೊಸಬರಿಗೆ ಮರೆಯಬೇಕಾದ್ದೇನೂ ಇರಲಿಲ್ಲ, ನನಗಿತ್ತು.

ಹಿರಿಯರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. 1910ರಲ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆಯ ಬಗ್ಗೆ ವರದಿ ಪ್ರಕಟಿಸಿದರು, ಬೋರ್ಡೋ ಬಳಕೆಗೆ ಬಂತು. ವಿಧಾನ ಬೇರೆ, ತತ್ವ ಒಂದೇ: ಮಳೆಗೆ ಮೊದಲು ಗೊನೆಗೆ ರಕ್ಷಣೆ. ಆ ತತ್ವ ಇವತ್ತಿಗೂ ಹಳತಾಗಿಲ್ಲ.

ಎಲೆಚುಕ್ಕಿಯಲ್ಲೂ ಇದೇ ತಪ್ಪು. ಗೊನೆಗೆ ಹೊಡೆದು ರೂಢಿಯಾದ ಕೈ ಗೊನೆಗೇ ಹೊಡೆಯಿತು. ರೋಗವಿದ್ದದ್ದು ಸೋಗೆಯಲ್ಲಿ!

ಈಗ ನನ್ನ ಕ್ರಮ

* ಮೇ ಮೊದಲ ವಾರವೇ ಮೈಲುತುತ್ತ, ಸುಣ್ಣ ತಂದಿಡುವುದು, ಕೊನೆಗೌಡನಿಗೆ ಹೇಳಿಡುವುದು.
* 100 ಲೀಟರ್ ನೀರಿಗೆ ತಲಾ 1 ಕಿಲೋ. ಕಬ್ಬಿಣದ ಚೂರಿ ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ.
* ಎರಡನೇ ಔಷಧಿ ಮೊದಲನೆಯದಾಗಿ 40–45 ದಿನಕ್ಕೆ, ನಕ್ಷತ್ರಕ್ಕಲ್ಲ. ಜಡಿಮಳೆಯಿದ್ದರೆ ಹೊಳವು ನೋಡಿ ಇನ್ನೂ ಬೇಗ.
* ದಿನದ ಮಳೆ, ಔಷಧಿಯ ತಾರೀಕು, ಕಾಯಿ ಉದುರಿದ ಸಾಲು: ಮೂರನ್ನೂ ಪುಸ್ತಕದಲ್ಲಿ ಬರೆದಿಡುವುದು.

ಅಪ್ಪಯ್ಯನ ಲೆಕ್ಕವನ್ನೂ ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ಪ್ರತಿ ವರ್ಷ ಅದರೆದುರು ಸರಿ, ತಪ್ಪು ಗುರುತು ಹಾಕುತ್ತೇನೆ. ನಿಮ್ಮಲ್ಲೂ ಇಂಥ ಲೆಕ್ಕವಿದ್ದರೆ ಬರೆಯಿರಿ, ಹೋಲಿಸಿ ನೋಡೋಣ.