ಹಿರಿಯ ನಾಯಿಯ ಹೊಸ್ತಿಲಲ್ಲಿ

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾನಿಲಯವು ನಡೆಸುತ್ತಿರುವ ಶ್ವಾನ ಸಂಶೋಧನ ಕೇಂದ್ರದಿಂದಲೋ, ಸುತ್ತಣ ಹಳ್ಳಿಗಳಲ್ಲಿ ತಲೆಮಾರುಗಳಿಂದ ಮುಧೋಳ ನಾಯಿಯ ತಳಿಯನ್ನು ಕಾಪಾಡಿಕೊಂಡು ಬಂದಿರುವ ಮನೆಗಳಿಂದಲೋ ಎರಡು ತಿಂಗಳ ಮರಿಯೊಂದನ್ನು ಎದೆಗವಚಿಕೊಂಡು ಬಾಗಲಕೋಟೆಗೋ ಬಾದಾಮಿಗೋ ಹೊರಟವನ ಮನಸ್ಸಿನಲ್ಲಿ, ಆ ಮರಿಯ ನೀಳ ಮೂತಿಯೂ ಕೃಶವಾದ ಕಾಲುಗಳೂ ಮುಂದೆ ಅದು ಎರೆಹೊಲದ ಬಯಲಲ್ಲಿ ಓಡಲಿರುವ ಓಟವೂ ತುಂಬಿರುವುದು ಸಹಜವೇ ಸರಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಸ್ಥಾನ ಪಡೆದ ವಂಶದ ಕುಡಿಯಲ್ಲವೆ ಅದು! ಆದರೆ ಅದೇ ಹೊತ್ತಿನಲ್ಲಿ ಮನೆಯ ಕಟ್ಟೆಯ ಮೇಲೆ, ಒಡೆಯನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಮಲಗಿರತಕ್ಕ ಹಳೆಯ ನಾಯಿಯೊಂದಿದ್ದರೆ, ಮೊದಲು ನೆನೆಯಬೇಕಾದದ್ದು ಅದನ್ನೇ. ಯಾವ ಕುಲದ್ದೂ ಅಲ್ಲದ ಬೀದಿಯ ನಾಯಿಯಾದರೂ ಆಗಲಿ, ಆ ಮನೆಯ ಮೇಲೆ ಅದಕ್ಕಿರುವ ಹಕ್ಕು ಹಿರಿದು.

ನಮಗೆ ಮನೆಯೆಂದರೆ ಗೋಡೆ ಮಾಡು. ನಾಯಿಗೆ ಮನೆಯೆಂಬುದು ಗಂಧದ ಒಂದು ಸಾಮ್ರಾಜ್ಯ. ಆದಕಾರಣ ಮರಿಯನ್ನು ತರುವ ಎರಡು ಮೂರು ದಿನಗಳ ಮುನ್ನವೇ, ಅದು ಮಲಗಿದ್ದ ಬಟ್ಟೆಯ ತುಂಡೊಂದನ್ನು ತಂದು ಹಿರಿಯ ನಾಯಿಯ ಬಳಿ ಇರಿಸಿ, ಅದು ಮೂಸಿ ಮೂಸಿ ತನಗೆ ಸಾಕೆನಿಸಿದಾಗ ತಾನಾಗಿಯೇ ಬಿಟ್ಟುಹೋಗುವಂತೆ ಮಾಡುವುದು ಲೇಸು. ಮೊದಲ ದರ್ಶನವೂ ಮನೆಯೊಳಗಾಗದೆ, ಎರಡಕ್ಕೂ ಸ್ವಂತವಲ್ಲದ ನೆಲದಲ್ಲಿ, ಬಿಸಿಲೇರುವ ಮುನ್ನ, ಇಬ್ಬರು ಒಂದೊಂದನ್ನು ಹಿಡಿದು ಅಕ್ಕಪಕ್ಕದಲ್ಲಿ ದೂರ ಬಿಟ್ಟು ನಡೆಯುತ್ತಿರುವಾಗ ಆಗಬೇಕು. ಇಲ್ಲೊಂದು ತೊಡಕುಂಟು. ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲುದು. ಆರರಿಂದ ಎಂಟನೆಯ ವಾರಕ್ಕೆ ಮೊದಲಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಚುಚ್ಚುಮದ್ದು ಮುಗಿಯದ ಮರಿಯನ್ನು ಬೀದಿನಾಯಿಗಳು ಓಡಾಡುವ ದಾರಿಯಲ್ಲಿ ಇಳಿಸಲಾಗದು. ಬಾಗಲಕೋಟೆಯ ನವನಗರದವರಿಗೆ ನೆರೆಯವರ ಶುಚಿಯಾದ ಅಂಗಳವೇ ಆಗಬಹುದು; ಹುನಗುಂದದ ರೈತನಾದರೆ ಮರಿಯನ್ನು ತೋಳಲ್ಲೇ ಎತ್ತಿಕೊಂಡು ಹೊಲದ ಬದುವಿನ ಮೇಲೆ ನಡೆದಾನು. ಹಿರಿಯ ನಾಯಿಗೂ ವರ್ಷದ ಚುಚ್ಚುಮದ್ದು ತಪ್ಪಿರಕೂಡದು.

ಇನ್ನು ಗುರುಗುಟ್ಟುವಿಕೆಯ ವಿಷಯ. ಇದನ್ನು ಕುರಿತು ನಮ್ಮ ಜನರಲ್ಲಿರುವ ತಪ್ಪು ತಿಳಿವಳಿಕೆಯಿಂದ ಎಷ್ಟು ಮುದಿನಾಯಿಗಳು ಅನ್ಯಾಯವಾಗಿ ಪೆಟ್ಟು ತಿಂದಿವೆಯೋ! ಮರಿಯು ಬಂದೊಡನೆ ಹಿರಿಯದರ ಬಾಯಿಯನ್ನು ನೆಕ್ಕುತ್ತದೆ, ಬಾಲಕ್ಕೆ ಜೋತುಬೀಳುತ್ತದೆ, ಮಲಗಿದ್ದರೆ ಮೈಮೇಲೆ ಹತ್ತುತ್ತದೆ. ಹಿರಿಯದು ಮೊದಲು ಮುಖ ತಿರುಗಿಸುತ್ತದೆ. ಆಮೇಲೆ ಎದ್ದು ಬೇರೆಡೆಗೆ ಹೋಗುತ್ತದೆ. ಮರಿಯು ಅಲ್ಲಿಗೂ ಬೆನ್ನಟ್ಟಿ ಬಂದಾಗ ತುಟಿಯನ್ನೆತ್ತಿ ಗುರ್ರೆನ್ನುತ್ತದೆ. ಇಷ್ಟು ಸೌಜನ್ಯದ ಮೆಟ್ಟಿಲುಗಳನ್ನು ದಾಟಿ ಬಂದ ಈ ಧ್ವನಿಯು ಕ್ರೌರ್ಯವಲ್ಲ, ಪಾಠ. ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗಿನ ಅವಧಿಯೇ ಮರಿಯು ಲೋಕವ್ಯವಹಾರವನ್ನು ಕಲಿಯುವ ಕಾಲ; ಎಲ್ಲಿ ನಿಲ್ಲಬೇಕೆಂಬುದನ್ನು ನಾಯಿಯ ಭಾಷೆಯಲ್ಲಿ ನಾಯಿಯೇ ಕಲಿಸಬೇಕಲ್ಲದೆ ನಾವು ಕಲಿಸಲಾರೆವು. ಆಗ ನಾವು ಕೋಲೆತ್ತಿ ಹಿರಿಯದನ್ನು ಗದರಿಸಿದರೆ, ಈ ಮರಿ ಬಂದಲ್ಲೆಲ್ಲ ತನಗೆ ಶಿಕ್ಷೆ ಬರುವುದೆಂದು ಅದು ಅರಿತುಕೊಳ್ಳುತ್ತದೆ. ಗುರುಗುಟ್ಟುವುದೇ ಅಪರಾಧವೆಂದಾದ ಮೇಲೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚೀತು. ಹಾಗೆಂದು ಎರಡನ್ನೇ ಬಿಟ್ಟು ನಾವು ಮರೆಯಾಗಬಾರದು. ಹತ್ತು ವರ್ಷ ದಾಟಿದ ನಾಯಿಗೆ ಕೀಲುಗಳ ನೋವಿದ್ದೀತು, ಕಣ್ಣು ಮಂಜಾಗಿದ್ದೀತು. ಅಂಥದಕ್ಕೆ ಮರಿಯು ಏರಲಾಗದ ಪಡಸಾಲೆಯ ಒಂದು ಮೂಲೆಯಾದರೂ ಮೀಸಲಾಗಿರಲಿ. ರೊಟ್ಟಿ ಮಜ್ಜಿಗೆಯ ಬೋಗುಣಿಗಳು ಬೇರೆ ಬೇರೆಯಾಗಿ, ಒಂದರ ಕಣ್ಣಿಗೆ ಇನ್ನೊಂದು ಬೀಳದಷ್ಟು ದೂರದಲ್ಲಿರಲಿ.

ಕೂಡಿಬಾಳಿದ ನಾಯಿಯನ್ನು ಗೌರವಿಸುವುದು ಕನ್ನಡ ನಾಡಿಗೆ ಹೊಸತೇನೂ ಅಲ್ಲ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನು ತನ್ನೊಡೆಯ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಸೆಣಸಿ ಹಂದಿಯೊಂದಿಗೇ ಮಡಿದಾಗ ಆತ ಕಲ್ಲು ನಿಲ್ಲಿಸಿದನೆಂದು ಕ್ರಿ.ಶ. 949ರ ಆತಕೂರಿನ ಶಾಸನವು ಸಾರುತ್ತದೆ.

ಇಳಕಲ್ಲಿನ ನೇಕಾರರೊಬ್ಬರ ಮನೆಯಲ್ಲಿ ನಾನು ಕಂಡದ್ದನ್ನೂ ಹೇಳಬೇಕು. ಅಲ್ಲಿಯ ಕುಣಿಮಗ್ಗದ ಪಕ್ಕದಲ್ಲಿ ಮುದಿನಾಯಿಯೊಂದು ಲಾಳಿಯ ಸದ್ದಿಗೆ ಜೋಗುಳದಂತೆ ಒಗ್ಗಿ ಮಲಗಿರುತ್ತಿತ್ತು. ಮರಿ ಬಂದ ಮೇಲೆ ಅವರಿಗೆ ಎರಡು ಭಯ: ಅದು ಕುಣಿಗೆ ಬಿದ್ದೀತೆಂಬುದೊಂದು, ಹಾಸಿನ ನೂಲಿಗೆ ಹಲ್ಲಿಟ್ಟೀತೆಂಬುದೊಂದು. ಆದ್ದರಿಂದ ನೇಯುವ ಹೊತ್ತಿನಲ್ಲಿ ಮರಿಯನ್ನು ಹಿತ್ತಿಲಿನ ನೆರಳಲ್ಲಿ ಕಟ್ಟಿ, ಮಗ್ಗದ ಪಕ್ಕದ ಜಾಗವನ್ನು ಹಳೆಯ ನಾಯಿಗೇ ಉಳಿಸಿದರು. ಮೂರು ವಾರಗಳಾದರೂ ಎರಡೂ ಗೆಳೆಯರಾಗಿರಲಿಲ್ಲ. ಒಂದರ ಇರವನ್ನು ಇನ್ನೊಂದು ಸಹಿಸುತ್ತಿತ್ತು, ಅಷ್ಟೇ. ಸಂಜೆ ಪೇಟೆಯಿಂದ ಬಂದ ಅವರು ಬಾಗಿಲಲ್ಲಿ ನಿಂತು, ಕಾಲಿಗೆ ತೊಡರುತ್ತಿದ್ದ ಮರಿಯನ್ನು ದಾಟಿ, ಒಳಗಿನ ಮುದಿನಾಯಿಯನ್ನು ಹೆಸರು ಹಿಡಿದು ಕರೆದರು. ಅದು ಮೆಲ್ಲಗೆ ಎದ್ದು, ಮೈಮುರಿದು, ಹೊಸ್ತಿಲವರೆಗೆ ನಡೆದು ಬರುವಷ್ಟು ಹೊತ್ತೂ ಮರಿಯು ಬಾಲವಾಡಿಸುತ್ತ ನೆಲದ ಮೇಲೆ ಕುಳಿತೇ ಇತ್ತು.