ಜನ್ಮರತ್ನ: ತಿಂಗಳಿಗೊಂದು ಹರಳು, ಹರಳಿಗೊಂದು ಕಥೆ

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರು ಸುತ್ತಮುತ್ತಲಿನ ನೆಲದಡಿ ಇರುವುದು ಧಾರವಾಡ ಶಿಲಾಸಮೂಹ. ಇವು 250 ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳು. ಇಂಥ ಶಿಲೆಗಳ ಬಿರುಕುಗಳಲ್ಲಿ ಬಿಸಿನೀರಿನೊಡನೆ ಏರಿಬಂದ ಸಿಲಿಕಾ ತಣಿದು ಬಿಳಿಯ ಬೆಣಚುಕಲ್ಲಾಗುತ್ತದೆ. ಹೊಲದ ಬದುವಿನಲ್ಲಿ ಕಾಲಿಗೆ ತೊಡರುವ ಈ ಕಲ್ಲಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆದರೆ ಇದೇ ಬೆಣಚಿನಲ್ಲಿ ಅತ್ಯಲ್ಪ ಕಬ್ಬಿಣ ಬೆರೆತು, ಸುತ್ತಲಿನ ಶಿಲೆಗಳ ವಿಕಿರಣಕ್ಕೆ ಒಳಗಾದರೆ ನೇರಳೆ ಬಣ್ಣ ಬರುತ್ತದೆ. ಆಗ ಅದರ ಹೆಸರು ಅಮೆಥಿಸ್ಟ್. ಆಭರಣದ ಅಂಗಡಿಯಲ್ಲಿ ಅದು ಫೆಬ್ರವರಿಯಲ್ಲಿ ಹುಟ್ಟಿದವರ 'ಜನ್ಮರತ್ನ'!

ಹುಲಗೂರಿನ ಖಾದರಿ ದರ್ಗಾಕ್ಕೆ ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ಜನರೂ ಬರುತ್ತಾರೆ. ಉಂಗುರದ ಹರಳಿನ ನಂಬಿಕೆಯೂ ಹಾಗೆಯೇ, ಯಾವುದೇ ಒಂದು ಮತಕ್ಕೆ ಸೀಮಿತವಲ್ಲ. ಒಬ್ಬರು ಶನಿಗಾಗಿ ನೀಲ ಧರಿಸಿದರೆ ಇನ್ನೊಬ್ಬರು ಶುಭವೆಂದು ಅಕೀಕು ಧರಿಸುತ್ತಾರೆ. ಅಕೀಕು ಕೂಡ ಬೆಣಚಿನ ಬಳಗದ್ದೇ. ಈ ಹರಳುಗಳು ನಿಜಕ್ಕೂ ಏನು? ಅವುಗಳಿಗೆ ಶಕ್ತಿ ಇದೆ ಎಂಬ ಮಾತು ಎಲ್ಲಿಂದ ಬಂತು?

ತಿಂಗಳ ಪಟ್ಟಿ ಮಾಡಿದವರು ಯಾರು?

ಬೈಬಲ್ಲಿನಲ್ಲಿ ಪ್ರಧಾನ ಪುರೋಹಿತನ ಎದೆಪದಕದಲ್ಲಿ ಹನ್ನೆರಡು ರತ್ನಗಳಿದ್ದ ವಿವರಣೆ ಇದೆ. ಆ ಹನ್ನೆರಡನ್ನು ಮುಂದೆ ಹನ್ನೆರಡು ರಾಶಿಗಳಿಗೂ ತಿಂಗಳುಗಳಿಗೂ ಹೊಂದಿಸಲಾಯಿತು. ದೇಶದಿಂದ ದೇಶಕ್ಕೆ ಪಟ್ಟಿ ಬೇರೆ ಬೇರೆಯಾಗಿತ್ತು. ಇಂದು ಚಲಾವಣೆಯಲ್ಲಿರುವ ಪಟ್ಟಿಯನ್ನು 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ರಾಷ್ಟ್ರೀಯ ಸಂಘವು ಕಾನ್ಸಾಸ್ ನಗರದಲ್ಲಿ ಸಭೆ ಸೇರಿ ಗೊತ್ತುಮಾಡಿತು. 1952ರಲ್ಲಿ ಪಟ್ಟಿಗೆ ಹೊಸ ಹರಳುಗಳು ಸೇರಿದವು. ಟಾಂಜನೈಟ್ ಎಂಬ ಹರಳು ಟಾಂಜಾನಿಯಾದಲ್ಲಿ ಪತ್ತೆಯಾದದ್ದು 1967ರಲ್ಲಿ. 2002ರಲ್ಲಿ ಅದು ಡಿಸೆಂಬರಿನ ಜನ್ಮರತ್ನವಾಯಿತು. 2016ರಲ್ಲಿ ಆಗಸ್ಟಿಗೆ ಸ್ಪೈನೆಲ್ ಸೇರಿತು. ಪಟ್ಟಿ ಬೆಳೆದದ್ದು ಮಾರುಕಟ್ಟೆಯಲ್ಲಿ, ಆಕಾಶದಲ್ಲಲ್ಲ.

ಪಟ್ಟಿಯ ಮುಖ್ಯ ಹರಳುಗಳು ಹೀಗಿವೆ:

ಜನವರಿ – ಗಾರ್ನೆಟ್
ಫೆಬ್ರವರಿ – ಅಮೆಥಿಸ್ಟ್ (ಬೆಣಚು)
ಮಾರ್ಚ್ – ಅಕ್ವಾಮರೀನ್ (ಬೆರಿಲ್)
ಏಪ್ರಿಲ್ – ವಜ್ರ (ಇಂಗಾಲ)
ಮೇ – ಪಚ್ಚೆ (ಬೆರಿಲ್)
ಜೂನ್ – ಮುತ್ತು (ಕ್ಯಾಲ್ಸಿಯಂ ಕಾರ್ಬೊನೇಟ್)
ಜುಲೈ – ಮಾಣಿಕ್ಯ (ಕುರಂದ)
ಆಗಸ್ಟ್ – ಪೆರಿಡಾಟ್ (ಆಲಿವೀನ್)
ಸೆಪ್ಟೆಂಬರ್ – ನೀಲ (ಕುರಂದ)
ಅಕ್ಟೋಬರ್ – ಓಪಲ್ (ನೀರು ಬೆರೆತ ಸಿಲಿಕಾ)
ನವೆಂಬರ್ – ಟೋಪಾಜ್, ಸಿಟ್ರೀನ್ (ಸಿಟ್ರೀನ್ ಕೂಡ ಬೆಣಚು)
ಡಿಸೆಂಬರ್ – ಟರ್ಕಾಯಿಸ್

ನಮ್ಮ ನವರತ್ನ

ನಮ್ಮಲ್ಲಿ ಹರಳನ್ನು ತಿಂಗಳಿಗಲ್ಲ, ಗ್ರಹಕ್ಕೆ ಜೋಡಿಸುತ್ತಾರೆ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಬಣ್ಣದ ಹೋಲಿಕೆ ಇಲ್ಲಿ ಎದ್ದು ಕಾಣುತ್ತದೆ: ಕೆಂಪು ಸೂರ್ಯನಿಗೆ ಕೆಂಪು ಕಲ್ಲು, ಬೆಳ್ಳನೆಯ ಚಂದ್ರನಿಗೆ ಬಿಳಿ ಮುತ್ತು.

ರತ್ನಪರೀಕ್ಷೆ ನಮ್ಮ ನಾಡಿನಲ್ಲಿ ಹಳೆಯ ವಿದ್ಯೆ. ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ರತ್ನಗಳ ಲಕ್ಷಣಗಳ ವಿವರವಿದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲೂ ಅರಸನ ಭಂಡಾರದ ರತ್ನಗಳ ಗುಣದೋಷಗಳ ಚರ್ಚೆಯಿದೆ. ಹುಲಗೂರಿನ ಸೀಮೆಯೂ ಆಗ ಅದೇ ಅರಸರ ಆಳ್ವಿಕೆಯಲ್ಲಿತ್ತು. ಬಣ್ಣ, ಹೊಳಪು, ಬಿರುಕು, ತೂಕ ಇವುಗಳನ್ನು ನೋಡಿ ಹರಳನ್ನು ಬೇರ್ಪಡಿಸುವ ಆ ನೋಟ ವಿಜ್ಞಾನಕ್ಕೆ ಹತ್ತಿರವಾದದ್ದು. ಅದರ ಜೊತೆಯಲ್ಲೇ ಫಲಾಫಲಗಳ ನಂಬಿಕೆಯೂ ಬೆಳೆಯಿತು.

ಈ ಎರಡು ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ತಿಂಗಳ ಪಟ್ಟಿಯ ಪ್ರಕಾರ ಜುಲೈಯಲ್ಲಿ ಹುಟ್ಟಿದ ಎಲ್ಲರಿಗೂ ಮಾಣಿಕ್ಯ. ನಮ್ಮಲ್ಲಿ ಜನ್ಮರಾಶಿಯನ್ನು ಹೇಳುವುದು ಚಂದ್ರನಿದ್ದ ರಾಶಿಯಿಂದ. ಚಂದ್ರ ಒಂದು ರಾಶಿಯನ್ನು ಸುಮಾರು ಎರಡೂಕಾಲು ದಿನದಲ್ಲಿ ದಾಟುತ್ತಾನೆ. ಆದ್ದರಿಂದ ಜುಲೈಯಲ್ಲಿ ಹುಟ್ಟಿದವರು ಹನ್ನೆರಡು ರಾಶಿಗಳಿಗೂ ಹಂಚಿಹೋಗುತ್ತಾರೆ. ಒಬ್ಬರಿಗೆ ಮುತ್ತು, ಇನ್ನೊಬ್ಬರಿಗೆ ಹವಳ! ಎರಡೂ ಪಟ್ಟಿಗಳು ಏಕಕಾಲಕ್ಕೆ ನಿಜವಾಗಲಾರವು.

ಹರಳಿನ ಕಥೆಗಳು

ಸ್ವಾತಿ ಮಳೆಯ ಹನಿ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುತ್ತದೆ ಎಂಬ ಕಲ್ಪನೆ ಎಷ್ಟು ಸುಂದರ! ವಾಸ್ತವದಲ್ಲಿ ಚಿಪ್ಪಿನ ಮೃದ್ವಂಗಿಯು ತನ್ನೊಳಗೆ ಸೇರಿದ ಅನ್ಯವಸ್ತುವಿನ ಸುತ್ತ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳುಪದರಗಳನ್ನು ಸುತ್ತುತ್ತಾ ಹೋಗುತ್ತದೆ. ಅದೇ ಮುತ್ತು. 'ಅಮೆಥಿಸ್ಟ್' ಎಂಬ ಗ್ರೀಕ್ ಮೂಲದ ಹೆಸರಿಗೆ 'ಅಮಲೇರದ' ಎಂಬ ಅರ್ಥ. ಅದನ್ನು ಧರಿಸಿದರೆ ಮದ್ಯ ತಲೆಗೇರುವುದಿಲ್ಲವೆಂದು ಗ್ರೀಕರು ನಂಬಿದ್ದರು. ನೀಲವಂತೂ ಒಲಿದರೆ ಸಂಪತ್ತು, ಮುನಿದರೆ ಸರ್ವನಾಶ ಎಂಬ ಮಾತಿದೆ; ಕೊಳ್ಳುವ ಮೊದಲು ಕೆಲವು ರಾತ್ರಿ ದಿಂಬಿನಡಿ ಇಟ್ಟು 'ಪರೀಕ್ಷಿಸುವ'ವರೂ ಇದ್ದಾರೆ. ಇವೆಲ್ಲ ಜನರ ಕಲ್ಪನೆಯ ಸೊಗಸಾದ ದಾಖಲೆಗಳು. ಕಥೆಯಾಗಿ ಇವುಗಳಿಗೆ ಬೆಲೆಯಿದೆ, ಚಿಕಿತ್ಸೆಯಾಗಿ ಇಲ್ಲ.

ಒಂದೇ ಖನಿಜ, ಹಲವು ಹೆಸರು

ಕುರಂದ ಎಂದರೆ ಅಲ್ಯೂಮಿನಿಯಂ ಆಕ್ಸೈಡ್. ಹಳೆಯ ಮೈಸೂರು ಸೀಮೆಯಲ್ಲಿ ಇದು ದೊರೆಯುತ್ತದೆ. ಶುದ್ಧ ಕುರಂದಕ್ಕೆ ಬಣ್ಣವಿಲ್ಲ. ಅದರಲ್ಲಿ ಅಲ್ಪ ಪ್ರಮಾಣದ ಕ್ರೋಮಿಯಂ ಇದ್ದರೆ ಮಾಣಿಕ್ಯ. ಕಬ್ಬಿಣ ಮತ್ತು ಟೈಟೇನಿಯಂ ಇದ್ದರೆ ನೀಲ. ಕಬ್ಬಿಣದಿಂದ ಹಳದಿಯಾದರೆ ಪುಷ್ಯರಾಗ. ಅಂದರೆ ಸೂರ್ಯ, ಶನಿ, ಗುರು ಮೂವರಿಗೂ ಸಂದ ಹರಳು ಒಂದೇ ಖನಿಜ! ಸೂರ್ಯನಿಗೂ ಶನಿಗೂ ಆಗದು, ಮಾಣಿಕ್ಯವನ್ನೂ ನೀಲವನ್ನೂ ಒಟ್ಟಿಗೆ ಧರಿಸಬಾರದು ಎನ್ನುತ್ತಾರೆ. ರಸಾಯನ ವಿಜ್ಞಾನದ ಲೆಕ್ಕದಲ್ಲಿ ಅವು ಒಡಹುಟ್ಟಿದವು.

ಇನ್ನೊಂದು ಉದಾಹರಣೆ ನೋಡಿ. ಅಮೆಥಿಸ್ಟನ್ನು ಕುಲುಮೆಯಲ್ಲಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ನೇರಳೆ ಬಣ್ಣ ಹೋಗಿ ಹಳದಿ ಬರುತ್ತದೆ. ಮಾರುಕಟ್ಟೆಯ ಸಿಟ್ರೀನಿನಲ್ಲಿ ಹೆಚ್ಚಿನದು ಹೀಗೆ ತಯಾರಾದದ್ದು. ಫೆಬ್ರವರಿಯ ರತ್ನ ಕುಲುಮೆಯಿಂದ ಹೊರಬರುವಾಗ ನವೆಂಬರಿನ ರತ್ನವಾಗಿರುತ್ತದೆ! ಅದರ 'ಶಕ್ತಿ'ಯೂ ಬದಲಾಯಿತೇ?

1902ರಲ್ಲಿ ಫ್ರಾನ್ಸಿನ ವರ್ನ್ಯೂಯಿ ಕೃತಕ ಮಾಣಿಕ್ಯ ತಯಾರಿಸುವ ವಿಧಾನವನ್ನು ಪ್ರಕಟಿಸಿದ. 1960ರಲ್ಲಿ ಅಮೆರಿಕದ ಮೈಮನ್ ಕೃತಕ ಮಾಣಿಕ್ಯದ ದಂಡದಿಂದಲೇ ಮೊದಲ ಲೇಸರ್ ಕಿರಣ ಹೊರಡಿಸಿದ. ಕೈಗಡಿಯಾರದ ಪುಟ್ಟ ಬೆಣಚಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸಿ ಕಾಲವನ್ನು ಅಳೆಯುತ್ತದೆ. ಹರಳುಗಳಿಗೆ ಶಕ್ತಿ ಉಂಟು ಎನ್ನುವುದಾದರೆ, ಯಾರು ಬೇಕಾದರೂ ಅಳೆದು ನೋಡಬಹುದಾದ ಶಕ್ತಿ ಇದು.

ಗ್ರಹಗಳ ಕಿರಣ ಬೆರಳಿಗೆ ಇಳಿಯುತ್ತದೆಯೇ?

ಹರಳು ಗ್ರಹದ ಕಿರಣವನ್ನು ಹೀರಿ ದೇಹಕ್ಕೆ ಕೊಡುತ್ತದೆ ಎಂಬ ವಿವರಣೆಯನ್ನು ನೀವು ಕೇಳಿರಬಹುದು. ಗುರು, ಶುಕ್ರ, ಶನಿಗಳಿಂದ ನಮಗೆ ಬರುವ ಬೆಳಕು ಸೂರ್ಯನ ಬೆಳಕಿನ ಪ್ರತಿಫಲನ. ನಮ್ಮ ಮನೆಯ ದೀಪದ ಬೆಳಕು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ನಮ್ಮ ಬೆರಳಿನ ಮೇಲೆ ಬೀಳುತ್ತದೆ. ಇನ್ನು ರಾಹು, ಕೇತುಗಳು ಕಾಯಗಳೇ ಅಲ್ಲ. ಚಂದ್ರನ ಪಥವು ಸೂರ್ಯನ ತೋರಿಕೆಯ ಪಥವನ್ನು ಅಡ್ಡಹಾಯುವ ಎರಡು ಬಿಂದುಗಳು ಅವು. ಬಿಂದುವಿನಿಂದ ಯಾವ ಕಿರಣ ಬಂದೀತು?

ಆದರೂ 'ಉಂಗುರ ಹಾಕಿದ ಮೇಲೆ ಒಳ್ಳೆಯದಾಯಿತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಷ್ಟಕಾಲದಲ್ಲಿ ಉಂಗುರ ಹಾಕುತ್ತೇವೆ. ಕಷ್ಟಗಳು ಹಲವು ಸಲ ತಾವಾಗಿಯೇ ಕಳೆಯುತ್ತವೆ. ಫಲಿಸಿದ್ದು ನೆನಪಿನಲ್ಲಿ ಉಳಿಯುತ್ತದೆ, ಫಲಿಸದ್ದು ಮರೆತುಹೋಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

1. ಪ್ರತಿ ವಿದ್ಯಾರ್ಥಿಯೂ ಒಂದು ಬೆಣಚುಕಲ್ಲು ತರಲಿ. ಅದನ್ನು ದಾರದಲ್ಲಿ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಗಾಳಿಯಲ್ಲೂ ನೀರಿನಲ್ಲಿ ಮುಳುಗಿಸಿಯೂ ತೂಗಿ. ಗಾಳಿಯಲ್ಲಿನ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ಕಲ್ಲು ತಂದವರು ಯಾವ ತಿಂಗಳಲ್ಲಿ ಹುಟ್ಟಿದ್ದರೂ ಉತ್ತರ 2.65ರ ಆಸುಪಾಸು. ಕುರಂದಕ್ಕೆ ಇದು ಸುಮಾರು 4.

2. ಬೆಣಚಿನಿಂದ ಗಾಜಿನ ಚೂರಿನ ಮೇಲೆ ಜಾಗರೂಕತೆಯಿಂದ ಗೀರಿ. ಗಾಜಿನ ಮೇಲೆ ಗೆರೆ ಮೂಡುತ್ತದೆ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7, ಗಾಜಿನದು ಸುಮಾರು 5.5.

3. ಮೊಟ್ಟೆಯ ಚಿಪ್ಪನ್ನು ವಿನಿಗರ್‌ನಲ್ಲಿ ಹಾಕಿ. ಗುಳ್ಳೆಗಳು ಏಳುತ್ತವೆ. ಮುತ್ತು, ಹವಳಗಳಲ್ಲಿ ಇರುವುದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್.

4. 'ಇದು ನಿಮ್ಮ ಜನ್ಮರತ್ನದ ಫಲ' ಎಂದು ಒಂದೇ ಬರಹದ ಪ್ರತಿಯನ್ನು ಎಲ್ಲರಿಗೂ ಗುಟ್ಟಾಗಿ ಕೊಟ್ಟು, ತಮಗೆ ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಹಾಕಿಸಿ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಇಂಥದೇ ಒಂದು ವ್ಯಕ್ತಿತ್ವ ವರ್ಣನೆ ಕೊಟ್ಟಾಗ ಬಂದ ಸರಾಸರಿ ಅಂಕ 4.26! ಕೊನೆಗೆ ಎಲ್ಲರೂ ತಮ್ಮ ಪ್ರತಿಯನ್ನು ಗಟ್ಟಿಯಾಗಿ ಓದಲಿ.

ಚೆಂದಕ್ಕಾಗಿ ಹರಳು ಧರಿಸುವುದರಲ್ಲಿ ತಪ್ಪೇನೂ ಇಲ್ಲ. ಸಾಲ ಮಾಡಿ ನೀಲ ಕೊಳ್ಳುವುದು, ಮೂರ್ಛೆರೋಗಕ್ಕೋ ಮಧುಮೇಹಕ್ಕೋ ಔಷಧ ಬಿಟ್ಟು ಉಂಗುರವನ್ನು ನಂಬುವುದು ಅಪಾಯ. ತಾಯಿತ, ಕವಚ ಮುಂತಾದ ಪವಾಡಶಕ್ತಿಯ ವಸ್ತುಗಳಿಂದ ರೋಗ ವಾಸಿಯಾಗುತ್ತದೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ. ಕಾಯ್ದೆ ತಲುಪದ ಮನೆಗಳಿಗೂ ತಲುಪಬಲ್ಲವರು ಶಾಲೆಯ ಮಕ್ಕಳು. ಬೆಣಚನ್ನು ತಮ್ಮ ಕೈಯಾರೆ ತೂಗಿ ನೋಡಿದ ವಿದ್ಯಾರ್ಥಿ, ಹರಳಿನ ಅಂಗಡಿಯ ಮುಂದೆಯೂ 'ಇದನ್ನು ಪರೀಕ್ಷಿಸುವುದು ಹೇಗೆ?' ಎಂದು ಕೇಳಿಯಾನು.